ನಾವು ಉಂಡ ಜಲಪಾತ

ಚೀನಾದ ಇಪ್ಪತ್ತು ಯುವಾನ್ ನೋಟಿನ ಹಿಂಬದಿಯಲ್ಲಿ ಒಂದು ಹೊಳೆಯ ಚಿತ್ರವಿದೆ. ಎರಡೂ ದಂಡೆಗೆ ಮೊನಚು ಗುಡ್ಡಗಳು, ನಡುವೆ ನಿಂತಂತೆ ಕಾಣುವ ನೀರು, ನೀರಿನ ಮೇಲೊಂದು ಬಿದಿರಿನ ತೆಪ್ಪ. ಅದು ಲಿ ನದಿ. ಗುಯಿಲಿನ್ ಪಟ್ಟಣದಿಂದ ಯಾಂಗ್‌ಶುವೊ ಎಂಬ ಊರಿನ ತನಕ ಸುಮಾರು 83 ಕಿಲೋಮೀಟರ್ ಅದು ಈ ಗುಡ್ಡಗಳ ಸಂದಿಯಲ್ಲೇ ಹರಿಯುತ್ತದೆ. ದಾರಿಯಲ್ಲಿ ಶಿಂಗ್‌ಪಿಂಗ್ ಬಂದಾಗ ಪ್ರವಾಸಿಗಳೆಲ್ಲ ಒಮ್ಮೆಲೇ ಜೇಬಿಗೆ ಕೈ ಹಾಕುತ್ತಾರಂತೆ. ಕಳ್ಳರ ಭಯಕ್ಕಲ್ಲ, ಆ ನೋಟು ತೆಗೆದು ಎದುರಿನ ಗುಡ್ಡಕ್ಕೆ ಹಿಡಿದು ಫೋಟೊ ಹೊಡೆದುಕೊಳ್ಳಲಿಕ್ಕೆ. ಬ್ಯಾಂಕಿನ ಕ್ಯಾಷಿಯರು ನೋಟನ್ನು ಬೆಳಕಿಗೆ ಹಿಡಿದು ಖರೆಯೋ ಖೋಟಾನೋ ನೋಡುವುದನ್ನು ಬೇಕಾದಷ್ಟು ಕಂಡಿದ್ದೇನೆ. ಗುಡ್ಡ ಖರೆಯೋ ಖೋಟಾನೋ ಎಂದು ನೋಟು ಹಿಡಿದು ನೋಡುವ ಪದ್ಧತಿ ನನಗೆ ಹೊಸದು.

ಅಂಥದೊಂದು ಫೋಟೊ ಹೊಡೆದುಕೊಂಡು ಬಂದವನು ನಮ್ಮಕ್ಕನ ಮಗ. ಬೆಂಗಳೂರಿನ ಕಂಪನಿಯವರು ಕೆಲಸದ ಮೇಲೆ ಶೆನ್‌ಜೆನ್‌ಗೆ ಕಳಿಸಿದ್ದರು. ಶನಿವಾರ ರವಿವಾರ ರಜೆ ಸಿಕ್ಕಿದ್ದೇ ತಡ ರೈಲು ಹತ್ತಿ ಗುಯಿಲಿನ್ ನೋಡಿ ಬಂದ. ದೀಪಾವಳಿಗೆ ನಮ್ಮೂರು ಅಬ್ಬೆತುಮಕೂರಿಗೆ ಬಂದವನು ಫೋಟೊಗಳನ್ನೆಲ್ಲ ಟಿವಿಗೆ ಹಚ್ಚಿ ಮನೆಮಂದಿಗೆಲ್ಲ ತೋರಿಸಿದ. ನಮ್ಮವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು.

“ಇದು ಯಾವ ದೇವರ ಗುಡ್ಡ?”

“ದೇವರಿಲ್ಲ ಆಯಿ. ಬರೇ ಸೀನರಿ.”

“ದೇವರಿಲ್ಲಂದ್ರ ಅಷ್ಟು ದೂರ ಯಾಕ ಹೋಗಿದ್ದಿ?”

“ನೋಡ್ಲಾಕ.”

“ನೋಡಿ?”

ಅಳಿಯನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ಮಾತು ಮರೆಸಲು ನೀರುಕಾಗೆಗಳ ಫೋಟೊ ಹಾಕಿದ. ಅಲ್ಲಿಯ ಮೀನುಗಾರರು ನೀರುಕಾಗೆ ಸಾಕುತ್ತಾರೆ. ಅದರ ಕೊರಳಿಗೆ ದಾರ ಬಿಗಿದು ಹೊಳೆಗೆ ಬಿಡುತ್ತಾರೆ. ಹಕ್ಕಿ ಮುಳುಗಿ ಮೀನು ಹಿಡಿಯುತ್ತದೆ, ದೊಡ್ಡ ಮೀನು ಗಂಟಲಲ್ಲಿ ಇಳಿಯುವುದಿಲ್ಲ, ತೆಪ್ಪಕ್ಕೆ ಬಂದರೆ ಯಜಮಾನ ಬಾಯಿ ಬಿಡಿಸಿ ತೆಗೆದುಕೊಳ್ಳುತ್ತಾನೆ. ಈಗ ಇದು ಮೀನಿಗಿಂತ ಹೆಚ್ಚಾಗಿ ಫೋಟೊದವರಿಗಾಗಿ ನಡೆಯುವ ಕಸುಬು. “ಪಾಪ, ಬಾಯಾಗಿಂದು ಕಸಗೋತಾರಲ್ಲೋ” ಅಂದಳು ಅವ್ವ. ನಾನು ಮಾತಾಡಲಿಲ್ಲ. ನೌಕರಿಯಲ್ಲಿದ್ದಷ್ಟು ದಿನ ಪ್ರತಿ ಮಾರ್ಚ್ ತಿಂಗಳ ಪಗಾರದಲ್ಲಿ ವರಮಾನ ತೆರಿಗೆ ಮುರಿಸಿಕೊಂಡವನು ನಾನು. ಆ ಹಕ್ಕಿಯ ಸಂಕಟ ನನಗೆ ಬೇರೆ ತಿಳಿಸಿ ಹೇಳಬೇಕಾಗಿರಲಿಲ್ಲ.

ನಮ್ಮೂರು ಪ್ರವಾಸ ಹೋಗುವವರ ಊರಲ್ಲ, ಜನ ಬರುವ ಊರು. ವಿಶ್ವಾರಾಧ್ಯರ ಗದ್ದುಗೆಗೆ ಎಲ್ಲೆಲ್ಲಿಂದಲೋ ಬರುತ್ತಾರೆ. ಜಾತ್ರೆ ಬಂತೆಂದರೆ ಮಠದ ದಾರಿಯ ತುಂಬ ಟ್ರ್ಯಾಕ್ಟರ್, ಟಂಟಂ, ಕ್ರೂಸರ್. ಬಂದವರಿಗೆ ದಾಸೋಹದಲ್ಲಿ ಬಡಿಸುವುದು ಗೊತ್ತೇ ಹೊರತು ನಾವಾಗಿ ಒಂದು ಕಡೆ ಹೋಗಿ ಸುಮ್ಮನೆ ನಿಂತು ನೋಡುವುದು ನಮಗೆ ರೂಢಿಯಿಲ್ಲ. ಊರು ಬಿಡುವುದಾದರೆ ಒಂದು ದೇವರಿಗೆ, ಇಲ್ಲಾ ದುಡಿಮೆಗೆ. ದೇವರಿಗಾದರೆ ಮೈಲಾಪುರ, ತಿಂಥಣಿ, ಬಹಳವೆಂದರೆ ಶ್ರೀಶೈಲ. ದುಡಿಮೆಗಾದರೆ ಬೆಂಗಳೂರು, ಮುಂಬೈ. ಬೆಂಗಳೂರಿನಲ್ಲಿ ಹತ್ತು ವರ್ಷ ಕಟ್ಟಡದ ಕೆಲಸ ಮಾಡಿದವನನ್ನು ಲಾಲ್‌ಬಾಗ್ ಹೆಂಗದ ಅಂತ ಕೇಳಿ ನೋಡಿ. “ಹೊರಗಿನಿಂದ ಭಾರಿ ಕಾಂಪೌಂಡ್ ಅದರಿ” ಅನ್ನುತ್ತಾನೆ.

ಹೀಗಿರುವಾಗ “ಇಂಥಾ ಹೊಳಿ ನಮ್ಮ ಕಡಿ ಎಲ್ಲದ ಮಾಮಾ” ಎಂದು ಅಳಿಯ ನಿಟ್ಟುಸಿರು ಬಿಟ್ಟಾಗ ನಾನು ಸುಮ್ಮನೆ ಹೂಂಗುಟ್ಟಬಹುದಿತ್ತು. ನಮ್ಮ ಯಾದಗಿರಿ ಜಿಲ್ಲೆಯ ಅಭಿಮಾನ ಅಡ್ಡ ಬಂತು.

“ಯಾಕಿಲ್ಲ? ಕೃಷ್ಣಾ ಹೊಳಿ ದಂಡಿಗೆ ಛಾಯಾ ಭಗವತಿ ಅದಲ್ಲ.”

ಅವ್ವ ಎದ್ದು ಕೂತಳು. “ಅದು ದೇವರಲ್ಲೇನೋ?”

“ದೇವರೂ ಹೌದು, ಸೀನರಿನೂ ಹೌದು.”

ಅಷ್ಟಕ್ಕೇ ಪ್ರವಾಸ ನಿಕ್ಕಿಯಾಯಿತು. ನಾನು ಹೇಳಿದ್ದು ಸೀನರಿಗೆ, ಅವ್ವ ಒಪ್ಪಿದ್ದು ದೇವರಿಗೆ.

ಹೊರಡುವ ಮೊದಲು ಕಲ್ಲಿನ ವಿಷಯ ಸ್ವಲ್ಪ ಹೇಳಬೇಕು, ಏಕೆಂದರೆ ಅಳಿಯನಿಗೆ ನಾನು ಅರ್ಧ ರಾತ್ರಿಯವರೆಗೆ ಹೇಳಿದ್ದು ಅದನ್ನೇ. ಗುಯಿಲಿನ್‌ನ ಗುಡ್ಡಗಳೆಲ್ಲ ಸುಣ್ಣಕಲ್ಲು. ನಮ್ಮ ಭೀಮೆಯ ಆಸುಪಾಸು, ಶಹಾಬಾದಿನಿಂದ ಶಹಾಪುರದ ಕಡೆಯ ಗೋಗಿಯವರೆಗೆ, ನೆಲದಲ್ಲಿರುವುದೂ ಸುಣ್ಣಕಲ್ಲೇ. ವಯಸ್ಸಿನಲ್ಲಿ ನಮ್ಮದು ಚೀನಾದ್ದಕ್ಕಿಂತ ಬಹಳ ಹಿರಿದು. ಆದರೆ ಅಲ್ಲಿ ವರ್ಷಕ್ಕೆ ಹತ್ತಿರಹತ್ತಿರ 1,900 ಮಿಲಿಮೀಟರ್ ಮಳೆ. ಗಾಳಿಯ ಮತ್ತು ಮಣ್ಣಿನ ಇಂಗಾಲಾಮ್ಲ ಕಲೆತ ಆ ನೀರು ಕೋಟಿಗಟ್ಟಲೆ ವರ್ಷ ಕಲ್ಲನ್ನು ಕರಗಿಸುತ್ತ ಹೋಗಿ, ಕರಗದೆ ಉಳಿದದ್ದು ಶಿಖರವಾಗಿ ನಿಂತಿತು. ನಮ್ಮಲ್ಲಿ ಅದರ ಮೂರನೇ ಒಂದು ಪಾಲು ಮಳೆ ಬಿದ್ದರೆ ಆ ವರ್ಷ ಒಳ್ಳೆಯ ವರ್ಷ. ಮೇಲಾಗಿ ನಮ್ಮ ಕಲ್ಲು ಪದರು ಪದರಾಗಿ ಅಡ್ಡಕ್ಕೆ ಮಲಗಿದೆ. ಅದನ್ನು ಎಬ್ಬಿಸಿ, ಕೊಯ್ದು, ಪರ್ಸಿ ಎಂದು ಕರೆದು ಮನೆಮನೆಗೂ ಹಾಸಿದ್ದೇವೆ. ಜಗತ್ತು ವಿಮಾನ ಹತ್ತಿ ನೋಡಲು ಹೋಗುವ ಕಲ್ಲಿನ ಅಣ್ಣನ ಮೇಲೆ ನಾವು ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಉಣ್ಣುತ್ತೇವೆ. ಬ್ಯಾಸಿಗೆಯಲ್ಲಿ ಮಧ್ಯಾಹ್ನ ಬರಿ ಮೈಯಲ್ಲಿ ಅದರ ಮೇಲೆ ಮಲಗುವ ಸುಖ ಗುಯಿಲಿನ್‌ನವರಿಗೆ ಇದೆಯೆಂದು ನನಗನ್ನಿಸುವುದಿಲ್ಲ.

ಬೆಳಿಗ್ಗೆ ಕ್ರೂಸರ್ ಬಂತು. ನಮ್ಮಾಕೆ ಬುತ್ತಿ ಕಟ್ಟಿದ್ದಳು: ಕಡಕ್ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹಿಂಡಿ, ದೊಡ್ಡ ಡಬ್ಬಿಯಲ್ಲಿ ಮೊಸರನ್ನ. ಯಾದಗಿರಿ, ಭೀಮೆಯ ಸೇತುವೆ, ಆಮೇಲೆ ಶಹಾಪುರದ ದಾರಿ. ಇಬ್ಬದಿ ಎರೆಹೊಲ, ಹತ್ತಿ ಬಿಡಿಸುವ ಹೆಣ್ಣುಮಕ್ಕಳು. ಶಹಾಪುರದ ಮಲಗಿದ ಬುದ್ಧನನ್ನು ಅಳಿಯನಿಗೆ ತೋರಿಸಿದೆ. ಗುಡ್ಡದ ಸಾಲೇ ಹಣೆ, ಮೂಗು, ಗದ್ದ, ಎದೆಯಾಗಿ ಅಂಗಾತ ಮಲಗಿದಂತೆ ಕಾಣುತ್ತದೆ. ಲಿ ನದಿಯ ದಂಡೆಗೂ ಇಂಥದ್ದೊಂದು ಬಂಡೆಯಿದೆಯಂತೆ, ಕಲೆಗಳಲ್ಲಿ ಒಂಬತ್ತು ಕುದುರೆ ಹುಡುಕಬೇಕು. ಒಂಬತ್ತೂ ಕಂಡವನು ಹಿಂದಿನ ಕಾಲದ ರಾಜಪರೀಕ್ಷೆಯಲ್ಲಿ ಮೊದಲನೆಯವನಾಗುತ್ತಿದ್ದ ಎಂಬುದು ಅಲ್ಲಿನ ಪ್ರತೀತಿ. ಅಳಿಯನಿಗೆ ಮೂರು ಕಂಡವಂತೆ, ಅದರಲ್ಲಿ ಒಂದು ಕತ್ತೆಯೂ ಇರಬಹುದಂತೆ. ನಮ್ಮ ಬುದ್ಧನಲ್ಲಿ ಈ ತಾಪತ್ರಯವಿಲ್ಲ. ಎಣಿಸುವುದು ಬೇಡ, ಪರೀಕ್ಷೆ ಪಾಸಾಗುವುದು ಬೇಡ. ಮಲಗಿದ್ದಾನೆ, ನೋಡಿ ಮುಂದೆ ಹೋದರಾಯಿತು.

ಭೀಮರಾಯನಗುಡಿಯಲ್ಲಿ ಕಾಡಾ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ) ಕಚೇರಿಯ ಬೋರ್ಡು ಕಂಡರೆ ನೀರಾವರಿ ಸೀಮೆಗೆ ಬಂದೆವೆಂದು ಅರ್ಥ. ಅಲ್ಲಿಂದ ಸುರಪುರ, ಹುಣಸಗಿಯ ಕಡೆಗೆ ನೋಟವೇ ಬದಲು. ಕಾಲುವೆ, ಉಪಕಾಲುವೆ, ಹಳದಿ ತಿರುಗಿದ ಭತ್ತ, ಆಂಧ್ರದಿಂದ ಬಂದು ನೆಲೆ ನಿಂತವರ ಕ್ಯಾಂಪುಗಳು. ಕೊಯ್ಲಿನ ಯಂತ್ರ ರೋಡಿನ ತುಂಬ ಬರುತ್ತಿತ್ತು. ಅರ್ಧ ರೋಡು ಭತ್ತ ಒಣಹಾಕಿದವರಿಗೆ, ಉಳಿದರ್ಧ ನಮಗೆ. “ನಾ ಸಣ್ಣಾಕಿದ್ದಾಗ ಅನ್ನ ಅಂದ್ರ ಹಬ್ಬಕ್ಕ, ಇಲ್ಲಂದ್ರ ಜ್ವರ ಬಂದಾಗ” ಅಂದಳು ಅವ್ವ, ಭತ್ತದ ರಾಶಿ ನೋಡುತ್ತ. ಡ್ರೈವರ್ ಹುಡುಗನಿಗೆ ಈ ಮಾತು ನಂಬಿಕೆಯಾಗಲಿಲ್ಲ.

ಸುರಪುರದಲ್ಲಿ ಚಹಾ ಕುಡಿದೆವು. ಊರ ಗುಡ್ಡದ ಮೇಲಿನ ಟೇಲರ್ ಮಂಜಿಲ್ ನೋಡದೆ ಮುಂದೆ ಹೋಗುವುದು ನನಗೆ ಕಷ್ಟ. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬಂದು ಹನ್ನೆರಡು ವರ್ಷದಷ್ಟು ಇದ್ದ. ಬಾಲಕ ರಾಜ ವೆಂಕಟಪ್ಪ ನಾಯಕನ ಸಂಸ್ಥಾನ ನೋಡಿಕೊಂಡ, ಹುಡುಗ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದ. ಅದೇ ಹುಡುಗ ಮುಂದೆ 1858ರಲ್ಲಿ ಇಂಗ್ಲಿಷರ ಮೇಲೆ ಎದ್ದ, ಸೆರೆ ಸಿಕ್ಕ, ಇಪ್ಪತ್ತನಾಲ್ಕು ತುಂಬುವ ಮೊದಲೇ ಹೋದ. ಅದು ಬೇರೆಯೇ ಕಥೆ, ಹೇಳಹೊರಟರೆ ಕ್ರೂಸರ್ ಸುರಪುರ ದಾಟುವುದಿಲ್ಲ. ಬಿಡುವಾದಾಗ ಟೇಲರ್ ಚಿತ್ರ ಬರೆಯುತ್ತಿದ್ದ, ರಾಜನಕೋಳೂರು, ವಿಭೂತಿಹಳ್ಳಿಗಳಲ್ಲಿ ಜನ ದಾಟಿ ಹೋಗುತ್ತಿದ್ದ ಕಲ್ಲುಗಳನ್ನು ನಿಂತು ನೋಡಿ ಇವು ಶಿಲಾಗೋರಿಗಳ ಕಾಲದವು ಎಂದು ಬರೆದಿಟ್ಟ. ಸುಮ್ಮನೆ ನಿಂತು ನೋಡುವ ಕೆಲಸವನ್ನು ಈ ಸೀಮೆಯಲ್ಲಿ ಪಗಾರ ತೆಗೆದುಕೊಂಡು ಮಾಡಿದವನು ಬಹುಶಃ ಅವನೊಬ್ಬನೇ.

ನಾವು ಹೊರಟಿದ್ದ ಕೃಷ್ಣೆಯ ಕೊಳ್ಳದ ಅಳತೆ ಬ್ರಿಟಿಷರ ಕಾಲದ ಇಂಪೀರಿಯಲ್ ಗೆಜೆಟಿಯರ್‌ನಲ್ಲಿದೆ. ದಖ್ಖನಿನ ಎತ್ತರದ ನೆಲದಿಂದ ಸುರಪುರ-ರಾಯಚೂರಿನ ತಗ್ಗಿಗೆ ಹೊಳೆ ಇಳಿಯುವಾಗ ಸುಮಾರು ಮೂರು ಮೈಲಿಯಲ್ಲಿ 408 ಅಡಿ ಬೀಳುತ್ತದೆ. ಹೆಚ್ಚುಕಡಿಮೆ ಜೋಗದ ಅರ್ಧ ಎತ್ತರ. ಶರಾವತಿ ಅದನ್ನು ಒಂದೇ ಏಟಿಗೆ ಮುಗಿಸುತ್ತಾಳೆ, ನಮ್ಮ ಕೃಷ್ಣೆ ಕಂತಿನಲ್ಲಿ ಬೀಳುತ್ತಾಳೆ. ಗ್ರಾನೈಟಿನ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ. ಮಳೆಗಾಲದಲ್ಲಿ ತುಂತುರು ಕಂಬದ ಹಾಗೆ ಏಳುತ್ತಿತ್ತಂತೆ, ಸದ್ದು ಬಹಳ ದೂರ ಹೋಗುತ್ತಿತ್ತಂತೆ. ಆಚೆ ದಡ ಲಿಂಗಸುಗೂರು ತಾಲ್ಲೂಕು. ಹೊಳೆ ಕವಲೊಡೆಯುವಲ್ಲಿ ಆದಿಲಶಾಹಿಗಳ ಜಲದುರ್ಗ ಕೋಟೆ. ಕಾವಲಿಗೆ ನೀರೇ ಇದ್ದ ಕೋಟೆ ಅದು.

ಕೊಡೇಕಲ್ ದಾಟಿ ನಾರಾಯಣಪುರಕ್ಕೆ ಬಂದು, ಅಲ್ಲಿಂದ ಛಾಯಾ ಭಗವತಿಯ ದಾರಿ ಹಿಡಿದೆವು. ಕ್ರೂಸರ್ ನಿಂತ ಕೂಡಲೇ ಅಳಿಯ ಕೇಳಿದ, “ಟಿಕೀಟ್ ಎಲ್ಲಿ ಕೊಡ್ತಾರ ಮಾಮಾ?”

“ಟಿಕೀಟ್ ಇಲ್ಲ.”

“ಮತ್ತ ಪಾರ್ಕಿಂಗ್?”

“ಅದೂ ಇಲ್ಲ.”

ಅವನ ಮುಖದಲ್ಲಿ ಅನುಮಾನ ಮೂಡಿತು. ರೊಕ್ಕ ತೆಗೆದುಕೊಳ್ಳದ ಸೀನರಿಯ ಬಗ್ಗೆ ಅವನಿಗೆ ಭರವಸೆಯಿರಲಿಲ್ಲ. ತೆಂಗಿನಕಾಯಿ ಮಾರುವವಳ ಬುಟ್ಟಿಗೆ ಫೋನ್‌ಪೇ ಚೀಟಿ ಅಂಟಿಸಿದ್ದು ಕಂಡ ಮೇಲೆ ಸ್ವಲ್ಪ ಸಮಾಧಾನವಾಯಿತು.

ಛಾಯಾದೇವಿ ಸೂರ್ಯನ ಹೆಂಡತಿ. ಸಂಕ್ರಾಂತಿಯ ಪುಣ್ಯಸ್ನಾನಕ್ಕೆ ಇಲ್ಲಿ ಜನಸಾಗರ. ನಾವು ಹೋದ ದಿನ ನಾಲ್ಕಾರು ಕುಟುಂಬ, ಕೆಲವು ಮಂಗ. ಹೊಳೆಯಲ್ಲಿ ನೀರು ಅಷ್ಟಕ್ಕಷ್ಟೇ. ಆದ್ದರಿಂದಲೇ ಬಂಡೆಗಳು ಪೂರಾ ಕಂಡವು. ಕರಿ, ಬೂದು, ಅಲ್ಲಲ್ಲಿ ಕೆಂಪು ಗೆರೆ ಎಳೆದ ಗ್ರಾನೈಟ್. ಒಂದು ಬಂಡೆಯಲ್ಲಿ ಒರಳಿನಷ್ಟು ಗುಂಡನೆಯ ಕುಳಿ. ಯಾರೂ ಕೊರೆದದ್ದಲ್ಲ, ಸುಳಿಗೆ ಸಿಕ್ಕ ಗುಂಡುಕಲ್ಲು ಮಳೆಗಾಲಕ್ಕೊಮ್ಮೆ ತಿರುಗಿ ತಿರುಗಿ ತಾನೇ ಅರೆದುಕೊಂಡದ್ದು. ಕೈ ಹಾಕಿದೆ. ಒಳಮೈ ನುಣುಪು, ತಣ್ಣಗೆ. ತಳದಲ್ಲಿ ಕೋಳಿ ಮೊಟ್ಟೆಗಿಂತ ತುಸು ದೊಡ್ಡ ಕಲ್ಲು ಇನ್ನೂ ಕೂತಿತ್ತು, ಅದರ ಪಕ್ಕ ಒಡೆದ ಹಸಿರು ಬಳೆಚೂರು, ಒಂದು ರೂಪಾಯಿಯ ಬಿಲ್ಲೆ. ಕಲ್ಲು ತೆಗೆದು ಅಳಿಯನಿಗೆ ತೋರಿಸಿ ಮತ್ತೆ ಅಲ್ಲೇ ಇಟ್ಟೆ, ಅದರ ಕೆಲಸ ಇನ್ನೂ ಮುಗಿದಿಲ್ಲ.

ಅಳಿಯ ಕತ್ತೆತ್ತಿ ಮರ ನೋಡುತ್ತಿದ್ದ. ನಮ್ಮ ತಲೆಗಿಂತ ಎಷ್ಟೋ ಮೇಲೆ, ಕೊಂಬೆಯ ಕವಲಿನಲ್ಲಿ ಒಣಹುಲ್ಲು, ಪ್ಲಾಸ್ಟಿಕ್ ಚೀಲ, ಹರಿದ ಸೀರೆಯ ತುಂಡು ಸಿಕ್ಕಿಕೊಂಡಿತ್ತು.

“ಅದನ್ನ ಅಲ್ಲಿ ಯಾರು ಇಟ್ರು?”

“ಹೊಳಿ.”

ಅವನಿಗೆ ನಗು ಬಂತು, ಆಮೇಲೆ ನಿಂತುಹೋಯಿತು. 2019ರ ಆಗಸ್ಟ್‌ನಲ್ಲಿ ನಾರಾಯಣಪುರದ ಅಣೆಕಟ್ಟಿನಿಂದ ಬಿಟ್ಟ ನೀರು ಐದು ಲಕ್ಷ ಕ್ಯೂಸೆಕ್ ದಾಟಿತ್ತು. ಅಂಥ ದಿನಗಳಲ್ಲಿ ಈ ದೇವಸ್ಥಾನ ನೀರಿನೊಳಗಿರುತ್ತದೆ. ನಮ್ಮ ಕಡೆ ಕ್ಯೂಸೆಕ್ ಎಂಬ ಮಾತು ಇಂಜಿನಿಯರರದ್ದಷ್ಟೇ ಅಲ್ಲ. ಜುಲೈ ಆಗಸ್ಟ್ ಬಂತೆಂದರೆ ಚಹಾದಂಗಡಿಯಲ್ಲಿ ಅಕ್ಷರ ಬಾರದ ಮುತ್ಯಾ ಕೂಡ “ಇವತ್ತು ಎಷ್ಟು ಬಿಟ್ಟಾರ?” ಎಂದು ಕೇಳುತ್ತಾನೆ. ಎಷ್ಟು ಎಂದರೆ ಎಷ್ಟು ಸಾವಿರ, ಎಷ್ಟು ಲಕ್ಷ. ಮನೆಯಲ್ಲಿ ಬಿಡಿಗಾಸಿಲ್ಲದಿದ್ದರೂ ಲಕ್ಷದ ಲೆಕ್ಕ ಬಾಯಲ್ಲೇ ಇರುತ್ತದೆ.

ಇಲ್ಲಿ ನಿಂತರೆ ಒಂದು ವಿಷಯ ಮನಸ್ಸನ್ನು ಚುಚ್ಚುತ್ತದೆ. ಟೇಲರ್‌ನ ಕಾಲದ ಕೃಷ್ಣೆ ತನ್ನ ಮರ್ಜಿಯಿಂದ ಬೀಳುತ್ತಿದ್ದಳು. ನಾವು ನೋಡುವವಳು ಗೇಟಿನ ಅಪ್ಪಣೆ ಪಡೆದು ಬರುತ್ತಾಳೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟದ್ದು 1964ರ ಮೇ ತಿಂಗಳಲ್ಲಿ, ಪ್ರಧಾನಿಯಾಗುವುದಕ್ಕೆ ಕೆಲವೇ ದಿನ ಮೊದಲು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರದ್ದು, ಹತ್ತು ಕಿಲೋಮೀಟರಿಗೂ ಉದ್ದ. ಜಲಪಾತಕ್ಕೆ ಬರಬೇಕಾದ ನೀರು ಅದರ ಎಡದಂಡೆ ಕಾಲುವೆಗೆ ತಿರುಗಿ ಹುಣಸಗಿ, ಸುರಪುರ, ಶಹಾಪುರದ ಹೊಲಗಳಿಗೆ ಹೋಗುತ್ತದೆ. ಬೆಳಿಗ್ಗೆ ರೋಡಿನ ಮೇಲೆ ಒಣಗುತ್ತಿದ್ದದ್ದು ಅದೇ. ನಮ್ಮ ಡಬ್ಬಿಯ ಮೊಸರನ್ನವೂ ಅದೇ. ಈ ಜಲಪಾತವನ್ನು ನಾವು ಕಳೆದುಕೊಂಡಿಲ್ಲ, ಉಂಡಿದ್ದೇವೆ. ಉಂಡವರು ಎಲೆಯ ಮುಂದೆ ಕೂತು ಅಳುವುದು ಸಭ್ಯತೆಯಲ್ಲ ಎಂದು ನನಗೆ ಗೊತ್ತು. ಆದರೂ ಆ ತುಂತುರಿನ ಕಂಬವನ್ನು ಒಮ್ಮೆ ನೋಡಿ ಆಮೇಲೆ ಉಣ್ಣಬೇಕಿತ್ತು ಎಂದು ಹೊಟ್ಟೆ ತುಂಬಿದ ಮೇಲೆ ಅನ್ನಿಸುತ್ತದೆ.

ಚೀನಾದವರೂ ಬೇರೆ ಏನಲ್ಲ. ಅವರ ಹತ್ತು ಯುವಾನ್ ನೋಟಿನ ಮೇಲೆ ಯಾಂಗ್ಟ್ಸೆಯ ಮೂರು ಕಮರಿಗಳಲ್ಲಿ ಒಂದರ ಚಿತ್ರವಿದೆ. ಆ ಕಮರಿಗಳ ಕೆಳಗೇ ಅಣೆಕಟ್ಟು ಕಟ್ಟಿ 2010ರ ಹೊತ್ತಿಗೆ ನೀರನ್ನು 175 ಮೀಟರ್ ಮಟ್ಟಕ್ಕೆ ಏರಿಸಿದರು. ಹನ್ನೆರಡು ಲಕ್ಷಕ್ಕೂ ಹೆಚ್ಚು ಜನ ಊರು ಬಿಟ್ಟರು, ಗುಡ್ಡಗಳು ಸೊಂಟದವರೆಗೆ ಮುಳುಗಿದವು. ನಮ್ಮ ಆಲಮಟ್ಟಿ ಅಣೆಕಟ್ಟಿಗೆ ಹಳೆಯ ಬಾಗಲಕೋಟೆ ಹೋದ ಹಾಗೆ. ನೋಟಿನ ಮೇಲಿನ ಚಿತ್ರಕ್ಕೆ ಮಾತ್ರ ನೀರು ಏರಲಿಲ್ಲ.

ಚೀನಾದ ನೈಋತ್ಯಕ್ಕೆ, ಯುನ್ನಾನ್ ಪ್ರಾಂತದಲ್ಲಿ, ಹುಲಿ ಜಿಗಿದ ಕಮರಿ ಎಂಬ ಇನ್ನೊಂದು ಜಾಗವಿದೆ. ಬೇಟೆಗಾರನಿಂದ ತಪ್ಪಿಸಿಕೊಂಡ ಹುಲಿ ಹೊಳೆ ಕಿರಿದಾದಲ್ಲಿ ಹಾರಿ ಆಚೆ ದಡ ಸೇರಿತೆಂಬುದು ಅಲ್ಲಿಯ ಕಥೆ. ಹಾರಿದ್ದನ್ನು ಕಂಡವರಿಲ್ಲ, ಆದರೂ ಹುಲಿಗೆ ಪ್ರತಿಮೆಯಿದೆ, ನೋಡಲು ಜನ ಸಾಲುಗಟ್ಟುತ್ತಾರೆ. ನಾವು ಕೂತಿದ್ದ ಬಂಡೆಯಿಂದ ಹೊಳೆಗುಂಟ ಕೆಳಗೆ ಹೋದರೆ ನೀಲಕಂಠರಾಯನಗಡ್ಡಿ, ಸುತ್ತ ಕೃಷ್ಣೆ ಇರುವ ನಡುಗಡ್ಡೆ. 2014ರ ಮಳೆಗಾಲದಲ್ಲಿ ಅಲ್ಲಿಯ ತುಂಬು ಗರ್ಭಿಣಿಯೊಬ್ಬಳು, ತೆಪ್ಪ ಹಾಕಲು ಯಾರೂ ಧೈರ್ಯ ಮಾಡದಿದ್ದಾಗ, ಮೈಗೆ ಒಣ ಸೋರೆಬುರುಡೆ, ಕುಂಬಳಕಾಯಿ ಕಟ್ಟಿಕೊಂಡು, ಮನೆಯ ಗಂಡಸರು ಹಿಂದೆ ಮುಂದೆ ಈಜುತ್ತಿರಲು, ತುಂಬಿದ ಹೊಳೆಯನ್ನು ಈಸಿ ಕಕ್ಕೇರಾ ಕಡೆಯ ದಡ ಹತ್ತಿದಳು. ಹೆರಿಗೆಗೆ ದವಾಖಾನೆ ಬೇಕಿತ್ತು, ಅಷ್ಟೇ. ಸುದ್ದಿ ಲಂಡನ್ನಿನವರೆಗೂ ಹೋಯಿತು. ಅವಳಿಗೆ ಪ್ರತಿಮೆ ಆಗಲಿಲ್ಲ. ಪ್ರತಿಮೆಗಿಂತ ಅವಳಿಗೆ ಬೇಕಾಗಿದ್ದದ್ದು ಸೇತುವೆ ಎಂಬುದೂ ಖರೆ. ಆದರೆ ಹುಲಿಯ ಜಿಗಿತಕ್ಕೂ ಇವಳ ಈಜಿಗೂ ಪಂದ್ಯ ಇಟ್ಟರೆ ನನ್ನ ಮತ ಯಾರಿಗೆಂದು ಹೇಳಬೇಕಾಗಿಲ್ಲ.

ಇಷ್ಟೊತ್ತಿಗೆ ಅವ್ವ ಸೊಸೆಯ ಕೈ ಹಿಡಿದು ನೀರಿನ ಅಂಚಿಗೆ ಇಳಿದು, ತಂಬಿಗೆಯಿಂದ ತಲೆಗೆ ನೀರು ಹಾಕಿಕೊಂಡು, ದೇವಿಗೆ ಕಾಯಿ ಒಡೆಸಿ ಬಂದು ಬಂಡೆಯ ಮೇಲೆ ಕೂತಿದ್ದಳು. ಒದ್ದೆ ಕೂದಲು ಬಿಚ್ಚಿ ಬಿಸಿಲಿಗೆ ಹರವಿದ್ದಳು. ಬುತ್ತಿ ಬಿಚ್ಚಿದರೂ ಈ ಕಡೆ ತಿರುಗಲಿಲ್ಲ.

“ಏನ್ ನೋಡ್ಲಾಕತ್ತಿ ಆಯಿ?”

“ನೀರು.”

ಅಳಿಯ ಬಿಡಲಿಲ್ಲ. “ನೋಡಿ?”

“ನೋಡಿ ಏನಿಲ್ಲ. ಸುಮ್ಮ ಕೂಡು ಬಾ.”

ಅವನು ಹೋಗಿ ಪಕ್ಕದಲ್ಲಿ ಕೂತ. ಮೊಬೈಲಿಗೆ ನೆಟ್‌ವರ್ಕ್ ಇರಲಿಲ್ಲ, ಅದೂ ಒಂದು ಕಾರಣವಿರಬೇಕು. ನಮ್ಮಾಕೆ ಇಬ್ಬರಿಗೂ ಕೈಗೇ ರೊಟ್ಟಿ ಕೊಟ್ಟಳು. ಮೊಸರನ್ನದ ಡಬ್ಬಿಯನ್ನು ಮಂಗಗಳಿಂದ ಕಾಯುವ ಜವಾಬ್ದಾರಿ ನನ್ನ ಪಾಲಿಗೆ ಬಂತು.

ನೀವು ಹೋಗುವುದಾದರೆ ಕೆಲವು ಮಾತು ಕೇಳಿ. ಸಂಕ್ರಾಂತಿಯ ಗದ್ದಲ ಬೇಡವೆನ್ನುವವರು ಅದರ ಹಿಂದೆ ಮುಂದೆ ಹೋಗಿ. ಮಳೆಗಾಲದಲ್ಲಿ ಹೋಗುವ ಆಸೆಯಿದ್ದರೆ ಅಂದಿನ ಪೇಪರಿನಲ್ಲಿ ನಾರಾಯಣಪುರದ ಹೊರಹರಿವು ಎಷ್ಟೆಂದು ನೋಡದೆ ಮನೆ ಬಿಡಬೇಡಿ. ಬುತ್ತಿ ಕಟ್ಟಿಕೊಳ್ಳಿ, ಡಬ್ಬಿ ಮತ್ತು ಪ್ಲಾಸ್ಟಿಕ್ಕನ್ನು ವಾಪಸು ತನ್ನಿ. ಮರದ ಮೇಲೆ ಇಡುವಷ್ಟು ಕಸ ಹೊಳೆಯ ಹತ್ತಿರ ಈಗಾಗಲೇ ಇದೆ. ಬಂಡೆಯ ಮೇಲೆ ಆಯಿಲ್ ಪೇಂಟಿನಲ್ಲಿ ನಿಮ್ಮ ಹೆಸರು, ಅವಳ ಹೆಸರು ಬರೆಯಬೇಡಿ. ಹೊಳೆಗೆ ಬೆನ್ನು ಹಾಕಿ ಸೆಲ್ಫಿಗೆ ನಿಂತಾಗ ನೀರು ಬಿಡುವ ಸೈರನ್ ಕೇಳಿಸಿದರೆ ಮೊಬೈಲು ಜೇಬಿಗೆ ಹಾಕಿ, ಮಕ್ಕಳ ಕೈ ಹಿಡಿದು, ಮೊದಲು ಮೇಲಕ್ಕೆ ಬನ್ನಿ.